ಮ್ಯಾನ್ ದ್ವೀಪದ ಮೋಟಾರ್‌ಸೈಕಲ್ ಜಾತ್ರೆ

ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಐರಿಷ್ ಸಮುದ್ರದಲ್ಲಿ ಮ್ಯಾನ್ ಎಂಬ ಒಂದು ಸಣ್ಣ ದ್ವೀಪವಿದೆ. ಅದರ ವಿಸ್ತೀರ್ಣ 572 ಚದರ ಕಿಲೋಮೀಟರು. ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕಿನಷ್ಟು. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 84 ಸಾವಿರವನ್ನು ಸ್ವಲ್ಪ ಮೀರಿತ್ತು. ಪ್ರತಿವರ್ಷ ಮೇ ತಿಂಗಳ ಕೊನೆಯಲ್ಲಿ ಈ ದ್ವೀಪಕ್ಕೆ ಹಡಗುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ, ಅವುಗಳ ಹೊಟ್ಟೆಯಿಂದ ಸಾವಿರಾರು ಮೋಟಾರ್‌ಸೈಕಲ್‌ಗಳು ಹೊರಬೀಳುತ್ತವೆ. ಬಂದವರೆಲ್ಲರೂ 'ಟೂರಿಸ್ಟ್ ಟ್ರೋಫಿ' ಎಂಬ ಓಟದ ಸ್ಪರ್ಧೆಯನ್ನು ನೋಡಲು ಬಂದವರು. ಅಭಿಮಾನಿಗಳ ಬಾಯಲ್ಲಿ ಅದು ಬರಿಯ 'ಟಿಟಿ'.

ನಮ್ಮ ಊರುಗಳಲ್ಲಿ ರಥೋತ್ಸವಕ್ಕೆ ಒಂದು ತಿಂಗಳಿರುವಾಗಲೇ ತೇರಿನ ಗಾಲಿಗಳನ್ನು ಪರೀಕ್ಷಿಸುತ್ತಾರೆ, ಬೀದಿಯ ಹಳ್ಳಕೊಳ್ಳಗಳನ್ನು ಮುಚ್ಚುತ್ತಾರೆ, ದೂರದ ಬೀಗರಿಗೆ ಹೇಳಿ ಕಳುಹಿಸುತ್ತಾರೆ. ಆ ದ್ವೀಪದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಬೇರೆಡೆ ಮೋಟಾರು ಓಟಗಳು ಅದಕ್ಕೆಂದೇ ಕಟ್ಟಿದ ಪಥಗಳಲ್ಲಿ ನಡೆದರೆ, ಇಲ್ಲಿ ಜನ ದಿನನಿತ್ಯ ಹಾಲು, ಪತ್ರಿಕೆ, ಶಾಲೆಯ ಮಕ್ಕಳನ್ನು ಸಾಗಿಸುವ ರಸ್ತೆಯೇ ಓಟದ ಬೀದಿ. ಇತಿಹಾಸದ ಪಾಠ ಮಾಡುವಾಗ 'ಯಾವುದೇ ಉತ್ಸವದ ಹಿಂದೆ ಒಂದು ಕಟ್ಟಳೆ ಇರುತ್ತದೆ, ಅದನ್ನು ಹುಡುಕಿ' ಎಂದು ನಾನು ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಈ ಉತ್ಸವದ ಹಿಂದೆಯೂ ಅಂಥದೊಂದು ಕಟ್ಟಳೆ ಇದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ವಾಹನಗಳು ಬ್ರಿಟನ್ನಿಗೆ ಹೊಸವು. ಕುದುರೆಗಳು ಬೆದರುತ್ತವೆ, ಧೂಳು ಏಳುತ್ತದೆ, ಪಾದಚಾರಿಗಳ ಪ್ರಾಣಕ್ಕೆ ಕುತ್ತು ಎಂಬ ದೂರುಗಳು ಹೆಚ್ಚಿದಾಗ, 1903ರ ಮೋಟಾರ್ ಕಾರ್ ಕಾಯಿದೆಯು ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರಿನ ವೇಗಮಿತಿಯನ್ನು ವಿಧಿಸಿತು. ಸಾರ್ವಜನಿಕ ರಸ್ತೆಗಳಲ್ಲಿ ಓಟ ನಡೆಸಲು ಅಲ್ಲಿನ ಸಂಸತ್ತು ಸಿದ್ಧವಿರಲಿಲ್ಲ. ಆದರೆ ಫ್ರಾನ್ಸಿನವರ ಜೊತೆ ಗಾರ್ಡನ್ ಬೆನೆಟ್ ಸ್ಪರ್ಧೆಯಲ್ಲಿ ಸೆಣಸಬೇಕಾದರೆ ಬ್ರಿಟಿಷ್ ಚಾಲಕರನ್ನು ಎಲ್ಲಿಯಾದರೂ ಓಡಿಸಿ ಆರಿಸಲೇಬೇಕಿತ್ತು. ಆಟೊಮೊಬೈಲ್ ಕ್ಲಬ್ಬಿನ ಕಾರ್ಯದರ್ಶಿ ಜೂಲಿಯನ್ ಆರ್ಡ್ ಅವರ ದೃಷ್ಟಿ ಮ್ಯಾನ್ ದ್ವೀಪದ ಕಡೆ ಹೊರಳಿದ್ದು ಆಗ. ಆ ದ್ವೀಪವು ಬ್ರಿಟಿಷ್ ಅರಸೊತ್ತಿಗೆಗೆ ಅಧೀನವಾದರೂ ಬ್ರಿಟನ್ನಿನ ಭಾಗವಲ್ಲ. ಅದಕ್ಕೆ ತನ್ನದೇ ಆದ 'ಟಿನ್‌ವಾಲ್ಡ್' ಎಂಬ ಶಾಸನಸಭೆಯಿದೆ. ತಮ್ಮ ಸಭೆಗೆ ಸಾವಿರ ವರ್ಷಗಳ ಅವಿಚ್ಛಿನ್ನ ಇತಿಹಾಸವಿದೆಯೆಂದು ದ್ವೀಪವಾಸಿಗಳು ಹೆಮ್ಮೆಪಡುತ್ತಾರೆ. 1979ರಲ್ಲಿ ಅದರ ಸಹಸ್ರಮಾನೋತ್ಸವವನ್ನೂ ಆಚರಿಸಿದರು. ಈ ಸಭೆ 1904ರಲ್ಲಿ ಒಂದು ಕಾಯಿದೆಯನ್ನು ಅಂಗೀಕರಿಸಿ, ಓಟಕ್ಕಾಗಿ ರಸ್ತೆಗಳನ್ನು ಮುಚ್ಚಲು ಅನುಮತಿ ನೀಡಿತು. ದೊಡ್ಡ ಸಂಸತ್ತು ಒಲ್ಲೆನೆಂದುದನ್ನು ಸಣ್ಣ ಸಭೆ ಒಪ್ಪಿತು. ಪ್ರವಾಸಿಗರಿಂದ ಬರುವ ಆದಾಯವನ್ನೂ ದ್ವೀಪದವರು ಲೆಕ್ಕ ಹಾಕದೆ ಇರಲಿಲ್ಲ.

ಮೊದಲು ಕಾರುಗಳು ಓಡಿದವು. ಮೋಟಾರ್‌ಸೈಕಲ್‌ಗಳಿಗೆಂದೇ ಮೊದಲ ಟಿಟಿ ಓಟ ನಡೆದದ್ದು 1907ರ ಮೇ 28ರಂದು, ಟಿನ್‌ವಾಲ್ಡ್ ಸಭೆಯ ಪ್ರಾಚೀನ ದಿಬ್ಬವಿರುವ ಸೇಂಟ್ ಜಾನ್ಸ್ ಹಳ್ಳಿಯಿಂದ. ಹೊರಟವರು 25 ಮಂದಿ. ಸುಮಾರು 25 ಕಿಲೋಮೀಟರಿನ ಸುತ್ತನ್ನು ಹತ್ತು ಬಾರಿ ಸುತ್ತಬೇಕು. ನಡುವೆ ಹತ್ತು ನಿಮಿಷದ ಕಡ್ಡಾಯ ವಿಶ್ರಾಂತಿ. ಇಂಧನಕ್ಕೂ ಮಿತಿಯಿತ್ತು: ಒಂದು ಸಿಲಿಂಡರಿನ ಬೈಕು ಗ್ಯಾಲನ್ನಿಗೆ 90 ಮೈಲಿ, ಎರಡು ಸಿಲಿಂಡರಿನದು 75 ಮೈಲಿ ಓಡಲೇಬೇಕು. ಏರಿನಲ್ಲಿ ಬೈಕು ಸೋತರೆ ಸೈಕಲ್ಲಿನಂತೆ ಪೆಡಲ್ ತುಳಿಯಲು ಅವಕಾಶವಿತ್ತು. ಮರುವರ್ಷ ಅದನ್ನು ನಿಷೇಧಿಸಿದರು. ಮ್ಯಾಚ್‌ಲೆಸ್ ಬೈಕಿನ ಮೇಲೆ ಚಾರ್ಲಿ ಕೋಲಿಯರ್ ನಾಲ್ಕು ಗಂಟೆ ಎಂಟು ನಿಮಿಷಗಳಲ್ಲಿ ಗುರಿ ಮುಟ್ಟಿ ಒಂದು ವಿಭಾಗವನ್ನು ಗೆದ್ದರು. ಅವರ ಸರಾಸರಿ ವೇಗ ಗಂಟೆಗೆ ಸುಮಾರು 61 ಕಿಲೋಮೀಟರು. ಇನ್ನೊಂದು ವಿಭಾಗವನ್ನು ನಾರ್ಟನ್ ಬೈಕಿನ ರೆಮ್ ಫೌಲರ್ ಗೆದ್ದರು. ಇಂದು ನಮ್ಮ ಹುಡುಗರು ತರಕಾರಿ ತರಲು ಹೋಗುವಾಗಲೂ ಇದಕ್ಕಿಂತ ವೇಗವಾಗಿ ಹೋಗುತ್ತಾರೆ ಎನ್ನುವುದು ಬೇರೆ ಮಾತು!

1911ರಲ್ಲಿ ಓಟವು ಬೆಟ್ಟವೇರಿತು. ಸ್ನೇಫೆಲ್ ಬೆಟ್ಟದ ಮಗ್ಗುಲಾಗಿ ಹಾದುಹೋಗುವ ಸುಮಾರು 60 ಕಿಲೋಮೀಟರಿನ ಈ ಸುತ್ತಿಗೆ 'ಮೌಂಟನ್ ಕೋರ್ಸ್' ಎಂದು ಹೆಸರು. ಆಗಿನ ಬಹುಪಾಲು ಬೈಕುಗಳು ಚರ್ಮದ ಪಟ್ಟಿಯಿಂದ ಚಕ್ರ ತಿರುಗಿಸುವಂಥವು, ಗೇರುಗಳಿಲ್ಲದವು. ಅಂಥವು ಬೆಟ್ಟ ಹತ್ತಲಾರವೆಂದು ಗೊತ್ತಿದ್ದೇ ಆ ದಾರಿಯನ್ನು ಆರಿಸಿದರು. ತಯಾರಕರು ಗೇರುಪೆಟ್ಟಿಗೆಯನ್ನು ಸುಧಾರಿಸಲಿ ಎಂಬುದು ಉದ್ದೇಶ. ಆ ವರ್ಷದ ಮುಖ್ಯ ಓಟದಲ್ಲಿ ಮೊದಲ ಮೂರು ಸ್ಥಾನಗಳನ್ನೂ ಗೆದ್ದುಕೊಂಡದ್ದು 'ಇಂಡಿಯನ್' ಬೈಕುಗಳು. ನಮ್ಮವರೆಂದು ಹಿಗ್ಗಬೇಡಿ, ಅದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಕಂಪನಿಯ ಹೆಸರು. ಅವುಗಳಿಗೆ ಎರಡು ವೇಗದ ಗೇರು ಮತ್ತು ಸರಪಳಿಯಿದ್ದುದೇ ಗೆಲುವಿನ ಗುಟ್ಟು. ಇಂದು ನಮ್ಮ ಮನೆಯಂಗಳದಲ್ಲಿ ನಿಂತ ಬೈಕಿನ ಗೇರು, ಬ್ರೇಕು, ಟೈರುಗಳು ಪಳಗಿದ್ದರಲ್ಲಿ ಇಂಥ ಬೆಟ್ಟದ ದಾರಿಗಳ ಪಾಲೂ ಇದೆ.

ಆ ದಾರಿ ಹೇಗಿದೆ? ರಾಜಧಾನಿ ಡಗ್ಲಸ್ಸಿನಿಂದ ಹೊರಟ ಕೂಡಲೇ ಬ್ರೇ ಹಿಲ್ ಎಂಬ ಕಡಿದಾದ ಇಳಿಜಾರು. ಎರಡೂ ಬದಿಗೆ ಮನೆಗಳು. ಮುಂದೆ ಕಲ್ಲಿನ ಗೋಡೆಗಳು, ಮರಗಳು, ಗ್ಲೆನ್ ಹೆಲೆನಿನ ತಿರುವುಗಳು, ಬೈಕಿನ ಎರಡೂ ಗಾಲಿಗಳು ನೆಲ ಬಿಟ್ಟು ಹಾರುವ ಬಲ್ಲಾ ಸೇತುವೆ, ಸಲ್ಬಿಯ ನೇರ ದಾರಿ, ರಾಮ್ಸಿ ಪಟ್ಟಣದ ಕಡಿತಿರುವು. ಅಲ್ಲಿಂದ ಬೆಟ್ಟ, ಸಮುದ್ರಮಟ್ಟದಿಂದ 400 ಮೀಟರಿಗೂ ಎತ್ತರಕ್ಕೆ ಏರಿ ಮತ್ತೆ ಡಗ್ಲಸ್ಸಿಗೆ ಇಳಿಯಬೇಕು. ಒಂದು ಸುತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ತಿರುವುಗಳು. 1957ರಲ್ಲಿ ಬಾಬ್ ಮ್ಯಾಕಿಂಟೈರ್ ಮೊದಲ ಬಾರಿಗೆ ಗಂಟೆಗೆ 100 ಮೈಲಿ ಸರಾಸರಿಯಲ್ಲಿ ಸುತ್ತು ಮುಗಿಸಿದಾಗ ಲೋಕ ಬೆರಗಾಯಿತು. 2023ರಲ್ಲಿ ಪೀಟರ್ ಹಿಕ್‌ಮನ್ ಅದನ್ನು 136 ಮೈಲಿಯ ಆಚೆಗೆ, ಅಂದರೆ ಸುಮಾರು 219 ಕಿಲೋಮೀಟರಿಗೆ ಒಯ್ದರು. ಇದು ಸರಾಸರಿ ಎಂಬುದನ್ನು ಮರೆಯಬಾರದು.

ಇಲ್ಲಿ ಸವಾರರು ಒಟ್ಟಿಗೆ ಹೊರಡುವುದಿಲ್ಲ. ಹತ್ತು ಸೆಕೆಂಡಿಗೊಬ್ಬರಂತೆ ಹೊರಡುತ್ತಾರೆ. ಆದ್ದರಿಂದ ಕಣ್ಣೆದುರು ಮೊದಲು ಹಾದುಹೋದವನೇ ಮುಂದಿರಬೇಕೆಂದಿಲ್ಲ. ಯಾರು ಮುಂದೆ ಎಂದು ತಿಳಿಯಲು ಬೇಲಿಯ ಮೇಲೆ ಕುಳಿತ ಪ್ರೇಕ್ಷಕರು ಮ್ಯಾಂಕ್ಸ್ ರೇಡಿಯೋ ವೀಕ್ಷಕ ವಿವರಣೆಗೆ ಕಿವಿಗೊಡಬೇಕು. ಕ್ರಿಕೆಟ್ ಪಂದ್ಯವನ್ನು ಟ್ರಾನ್ಸಿಸ್ಟರಿನಲ್ಲಿ ಕೇಳುತ್ತ ಬೆಳೆದ ನನ್ನ ತಲೆಮಾರಿನವರಿಗೆ ಈ ಸುಖ ಅರ್ಥವಾದೀತು. ಡಗ್ಲಸ್ಸಿನ ದೊಡ್ಡ ಅಂಕಫಲಕದ ಹಿಂದೆ ದಶಕಗಳ ಕಾಲ ದುಡಿದವರು ಸ್ಕೌಟ್ ಮಕ್ಕಳು ಎಂಬುದು ಮೇಷ್ಟರಾದ ನನಗೆ ವಿಶೇಷ ಸಂತೋಷ ಕೊಟ್ಟ ಸಂಗತಿ.

ಓಟಕ್ಕಿಂತ ಓಟದ ನಿರೀಕ್ಷೆಯೇ ಹಿರಿದು ಎನ್ನುವವರುಂಟು. ಒಂದು ವರ್ಷದ ಟಿಟಿ ಮುಗಿಯುತ್ತಿದ್ದಂತೆಯೇ ಮುಂದಿನ ವರ್ಷಕ್ಕೆ ಹಡಗಿನಲ್ಲಿ ಬೈಕಿಗೆ ಜಾಗ ಕಾದಿರಿಸುತ್ತಾರೆ. 1830ರಲ್ಲಿ ಸ್ಥಾಪನೆಯಾದ ಅಲ್ಲಿನ ಹಡಗು ಕಂಪನಿಗೆ ಇದು ವರ್ಷದ ಸುಗ್ಗಿ. ಹೋಟೆಲುಗಳು ಸಾಲದೆ ಮನೆಯವರೇ ಕೋಣೆಗಳನ್ನು ಬಿಟ್ಟುಕೊಡುತ್ತಾರೆ. ಅದಕ್ಕೂ ಸರ್ಕಾರದ ಅನುಮತಿಯ ವ್ಯವಸ್ಥೆಯಿದೆ. ಅದೇ ಮನೆಗೆ, ಅದೇ ಬೇಲಿಯ ಅದೇ ಮೂಲೆಗೆ, ತಂದೆ ಕುಳಿತಿದ್ದ ಕಡೆಗೆ ಮಗ, ಮೊಮ್ಮಗ ಬರುವುದುಂಟು. ದ್ವೀಪದ ದಕ್ಷಿಣದ ದಾರಿಯಲ್ಲಿ 'ಯಕ್ಷಿಣಿಯರ ಸೇತುವೆ' ಇದೆ. ಅದನ್ನು ದಾಟುವಾಗ ಯಕ್ಷಿಣಿಯರಿಗೆ ನಮಸ್ಕಾರ ಹೇಳದಿದ್ದರೆ ಕೇಡಾಗುತ್ತದೆಂಬ ನಂಬಿಕೆ. ಘಾಟಿ ಇಳಿಯುವ ಮುನ್ನ ದಾರಿಬದಿಯ ದೇವರಿಗೆ ಕಾಸು ಹಾಕುವ ನಮ್ಮ ಚಾಲಕರಿಗೂ ಅವರಿಗೂ ಹೆಚ್ಚು ದೂರವಿಲ್ಲ. ಅಭ್ಯಾಸದ ವಾರ ಮತ್ತು ಓಟದ ವಾರಗಳ ನಡುವೆ ಬರುವ ಭಾನುವಾರಕ್ಕೆ 'ಹುಚ್ಚು ಭಾನುವಾರ' ಎಂದೇ ಹೆಸರು ಬಿದ್ದಿದೆ. ಅಂದು ಅಭಿಮಾನಿಗಳೇ ತಮ್ಮ ಬೈಕುಗಳಲ್ಲಿ ವೀರರು ಓಡಿದ ದಾರಿಯನ್ನು ಸುತ್ತುವ ಸಂಪ್ರದಾಯ. ಬೆಟ್ಟದ ರಸ್ತೆಯನ್ನು ಆ ದಿನಗಳಲ್ಲಿ ಏಕಮುಖ ಸಂಚಾರಕ್ಕೆ ಬದಲಿಸುತ್ತಾರೆ. ಎದುರಿನಿಂದ ವಾಹನ ಬರದಂತೆ ಮಾಡಿದ ಮುನ್ನೆಚ್ಚರಿಕೆಯಿದು. ಆದರೂ ತಿರುವು ತಪ್ಪಿದ ಅಭಿಮಾನಿಗಳು ಪ್ರಾಣ ಕಳೆದುಕೊಂಡದ್ದುಂಟು.

ಈ ದ್ವೀಪದ ದಾರಿ ಜಗತ್ತಿನ ಉದ್ಯಮದ ಇತಿಹಾಸವನ್ನೂ ಬದಲಿಸಿತು. ಜಪಾನಿನ ಸೊಯಿಚಿರೊ ಹೋಂಡಾ 1954ರಲ್ಲಿ, ತಮ್ಮ ಕಂಪನಿಯಿನ್ನೂ ಎಳೆಯದಾಗಿದ್ದಾಗಲೇ, 'ನಾವು ಟಿಟಿಯಲ್ಲಿ ಸ್ಪರ್ಧಿಸಿ ಗೆಲ್ಲುತ್ತೇವೆ' ಎಂದು ಸಾರಿದರು. ಅದೇ ವರ್ಷ ದ್ವೀಪಕ್ಕೆ ಹೋಗಿ ಯೂರೋಪಿನ ಬೈಕುಗಳ ಶಕ್ತಿಯನ್ನು ಕಣ್ಣಾರೆ ಕಂಡು ಬಂದರು. 1959ರಲ್ಲಿ ಅವರ ತಂಡ ಮೊದಲ ಬಾರಿ ಸ್ಪರ್ಧಿಸಿತು. ನವೋಮಿ ತಾನಿಗುಚಿ ಆರನೆಯವರಾದರು. 1961ರಲ್ಲಿ ಎರಡು ವಿಭಾಗಗಳಲ್ಲಿ ಮೊದಲ ಐದೈದು ಸ್ಥಾನಗಳೂ ಹೋಂಡಾ ಪಾಲಾದವು. ಏಳು ವರ್ಷದ ತಪಸ್ಸಿನ ಫಲವದು. ನಮ್ಮ ಮೈಸೂರಿಗೂ ಇದಕ್ಕೂ ಒಂದು ತೆಳುವಾದ ನಂಟಿದೆ. ಅದೇ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳು ಹೊರಬರತೊಡಗಿದವು. ಮರುವರ್ಷ ಟಿಟಿಯ 'ಜೂನಿಯರ್' ಓಟದಲ್ಲಿ ಫ್ರಾಂಟಿಷೆಕ್ ಷ್ಟಾಸ್ಟ್ನಿ ಎಂಬ ಜೆಕ್ ಸವಾರ ಜಾವಾ ಕಂಪನಿಯ ಬೈಕಿನಲ್ಲಿ ಮೂರನೆಯ ಸ್ಥಾನ ಪಡೆದರು. ಮೈಸೂರಿನ ಬೀದಿಗಳಲ್ಲಿ ಓಡಾಡಿದ ಜಾವಾ ಓಟದ ಬೈಕಲ್ಲ, ನಿಜ. ಆದರೆ ಹೆಸರು ಒಂದೇ, ಕುಲವೂ ಒಂದೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿಗಳ ಗುಡುಗುಡು ಸದ್ದು ಮಾತ್ರ ನಮ್ಮ ಕಿವಿಯಿಂದ ಇನ್ನೂ ಹೋಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಬೆಟ್ಟದ ದಾರಿ ಮೊದಲ ಬಲಿ ತೆಗೆದುಕೊಂಡದ್ದು ಅದು ಆರಂಭವಾದ 1911ರಲ್ಲಿಯೇ. ವಿಕ್ಟರ್ ಸರ್ರಿಜ್ ಎಂಬ ಯುವಕ ಅಭ್ಯಾಸದ ಸಮಯದಲ್ಲಿ ಗ್ಲೆನ್ ಹೆಲೆನಿನ ಬಳಿ ಮಡಿದ. ಅಲ್ಲಿಂದೀಚೆಗೆ ಆ ಸುತ್ತಿನಲ್ಲಿ, ಅದೇ ದಾರಿಯ ಇನ್ನೊಂದು ಸ್ಪರ್ಧೆಯಾದ ಮ್ಯಾಂಕ್ಸ್ ಗ್ರ್ಯಾಂಡ್ ಪ್ರೀಯನ್ನೂ ಸೇರಿಸಿದರೆ, ಸತ್ತ ಸ್ಪರ್ಧಿಗಳ ಸಂಖ್ಯೆ 260ನ್ನು ಮೀರಿದೆ. 1949ರಲ್ಲಿ ವಿಶ್ವ ಚಾಂಪಿಯನ್ ಆದ ಲೆಸ್ ಗ್ರಹಾಂ 1953ರಲ್ಲಿ ಬ್ರೇ ಹಿಲ್ಲಿನ ಬಳಿ ತೀರಿಕೊಂಡರು; ಹದಿನಾಲ್ಕು ವರ್ಷಗಳ ಬಳಿಕ ಅವರ ಮಗ ಸ್ಟುವರ್ಟ್ ಅದೇ ದ್ವೀಪದಲ್ಲಿ ಓಟ ಗೆದ್ದರು. 1972ರಲ್ಲಿ ಮಳೆಯ ಬೆಳಗಿನಲ್ಲಿ ಇಟಲಿಯ ಗಿಲ್ಬೆರ್ಟೊ ಪಾರ್ಲೊಟ್ಟಿ ಸತ್ತಾಗ, ಅವರ ಗೆಳೆಯ, ಹತ್ತು ಬಾರಿ ಟಿಟಿ ಗೆದ್ದ ಜಿಯಾಕೊಮೊ ಅಗೊಸ್ಟಿನಿ, ಇನ್ನು ಇಲ್ಲಿ ಸ್ಪರ್ಧಿಸುವುದಿಲ್ಲವೆಂದು ನಿರ್ಧರಿಸಿದರು. ಇತರ ಪ್ರಮುಖರೂ ಹಿಂದೆ ಸರಿದರು. 1976ರ ನಂತರ ಟಿಟಿಯು ವಿಶ್ವ ಚಾಂಪಿಯನ್‌ಷಿಪ್ಪಿನ ಸ್ಥಾನವನ್ನು ಕಳೆದುಕೊಂಡಿತು.

ಆಗ ಓಟವೇ ನಿಂತುಹೋಗಬಹುದಿತ್ತು, ನಿಲ್ಲಲಿಲ್ಲ. 1978ರಲ್ಲಿ ಮೈಕ್ ಹೇಲ್‌ವುಡ್ 11 ವರ್ಷಗಳ ಬಳಿಕ ದ್ವೀಪಕ್ಕೆ ಮರಳಿ ಡುಕಾಟಿ ಬೈಕಿನಲ್ಲಿ ಗೆದ್ದಾಗ ರಸ್ತೆಯ ಉದ್ದಕ್ಕೂ ಜನ ಕೈಬೀಸಿದರು. ಆ ಹೇಲ್‌ವುಡ್ 1981ರಲ್ಲಿ ತಮ್ಮ 40ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಓಟದಲ್ಲಲ್ಲ. ಮಕ್ಕಳೊಡನೆ ಕಾರಿನಲ್ಲಿ ತಿಂಡಿ ತರಲು ಹೊರಟಾಗ ಲಾರಿಯೊಂದು ಅಡ್ಡ ತಿರುಗಿದ್ದರಿಂದ. ಜೊತೆಗೆ ಅವರ ಪುಟ್ಟ ಮಗಳೂ ಹೋದಳು.

ಉತ್ತರ ಐರ್ಲೆಂಡಿನ ಡನ್‌ಲಪ್ ಮನೆತನದ ಕಥೆಯಂತೂ ಮಹಾಭಾರತದ ಒಂದು ಪರ್ವದಂತಿದೆ. ಜೋಯಿ ಡನ್‌ಲಪ್ 26 ಬಾರಿ ಟಿಟಿ ಗೆದ್ದವರು, ಮಿತಭಾಷಿ. ಓಟವಿಲ್ಲದ ದಿನಗಳಲ್ಲಿ ವ್ಯಾನಿನಲ್ಲಿ ಬಟ್ಟೆ, ಆಹಾರ ತುಂಬಿಕೊಂಡು ರುಮೇನಿಯಾ, ಬೋಸ್ನಿಯಾಗಳ ಅನಾಥಾಲಯಗಳಿಗೆ ತಾವೇ ಕೊಂಡೊಯ್ಯುತ್ತಿದ್ದರು. 2000ದ ಜೂನಿನಲ್ಲಿ, 48ನೆಯ ವಯಸ್ಸಿನಲ್ಲಿ ಮೂರು ಓಟಗಳನ್ನು ಗೆದ್ದು, ಮರುತಿಂಗಳು ಎಸ್ಟೋನಿಯಾದ ಓಟದಲ್ಲಿ ಮಡಿದರು. ತಮ್ಮ ರಾಬರ್ಟ್ 2008ರಲ್ಲಿ ಉತ್ತರ ಐರ್ಲೆಂಡಿನ ಒಂದು ಓಟದ ಅಭ್ಯಾಸದಲ್ಲಿ ಸತ್ತರು. ಎರಡು ದಿನದ ಬಳಿಕ ಅದೇ ಕೂಟದಲ್ಲಿ ರಾಬರ್ಟರ ಮಗ ಮೈಕೆಲ್ ಓಡಿ ಗೆದ್ದ. ಇನ್ನೊಬ್ಬ ಮಗ ವಿಲಿಯಂ 2018ರಲ್ಲಿ ಹೋದ. 2024ರಲ್ಲಿ ಮೈಕೆಲ್ ತನ್ನ ದೊಡ್ಡಪ್ಪನ 26 ಗೆಲುವುಗಳ ದಾಖಲೆಯನ್ನು ಮುರಿದ. ಇದನ್ನು ಶೌರ್ಯವೆನ್ನುವುದೋ, ಬಿಡಲಾರದ ಋಣವೆನ್ನುವುದೋ!

ಇದನ್ನೆಲ್ಲ ನಾನು ಓದತೊಡಗಲು ಒಂದು ಕಾರಣವಿದೆ. ನಮ್ಮ ಬಂಧುಗಳ ಹುಡುಗನೊಬ್ಬ, ನನ್ನಲ್ಲಿ ಓದಿದವನೇ, ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ಟಿಟಿಗೆ ತನ್ನ ಬೈಕಿನೊಡನೆ ಹೋಗಲು ಹಡಗಿನ ಟಿಕೆಟ್ಟು ಕೊಂಡು ದಿನ ಎಣಿಸುತ್ತಿದ್ದಾನೆ. ಅವನ ತಾಯಿ, 'ನಿಮ್ಮ ಮಾತು ಕೇಳುತ್ತಾನೆ, ಹೋಗಬೇಡವೆಂದು ಹೇಳಿ' ಎಂದು ದೂರವಾಣಿಯಲ್ಲಿ ಕೇಳಿಕೊಂಡರು. 'ಸಾವನ್ನು ನೋಡಲು ಟಿಕೆಟ್ ತೆಗೆದುಕೊಂಡು ಹೋಗುತ್ತಾರೆಯೇ?' ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಣ್ಣದಲ್ಲ. ಪ್ರೇಕ್ಷಕನಿಲ್ಲದಿದ್ದರೆ ಓಟವಿಲ್ಲ, ಆದ್ದರಿಂದ ಪ್ರೇಕ್ಷಕನಿಗೂ ಅದರ ಫಲದಲ್ಲಿ ಪಾಲಿದೆ. 2022ರಲ್ಲಿ ಒಂದೇ ವರ್ಷ ಆರು ಸ್ಪರ್ಧಿಗಳು ಸತ್ತರು. ಅವರಲ್ಲಿ ಒಂದೇ ಬೈಕಿನ ತಂದೆ ಮತ್ತು ಮಗ ಇದ್ದರು. ಅಂಥ ವರ್ಷದ ಮರುದಿನವೇ ಮುಂದಿನ ವರ್ಷಕ್ಕೆ ಜಾಗ ಕಾದಿರಿಸುವವರನ್ನು ಕಂಡು ತಾಯಿಯೊಬ್ಬಳು ನಡುಗಿದರೆ ಅದು ಸಹಜ. ಇನ್ನೊಂದು ಕಡೆ, ಅಲ್ಲಿಗೆ ಹೋಗುವವರು ಸಾವನ್ನು ನೋಡಲು ಹೋಗುವವರಲ್ಲ. ಒಂದೊಂದು ಅಧಿವೇಶನಕ್ಕೂ ರಸ್ತೆಯುದ್ದಕ್ಕೂ ಐನೂರಕ್ಕೂ ಹೆಚ್ಚು ಕಾವಲಿನ ಸ್ವಯಂಸೇವಕರು ಬೇಕು; ಅವರ ಸಂಖ್ಯೆ ಸಾಲದಿದ್ದರೆ ಓಟ ಆರಂಭವಾಗುವುದೇ ಇಲ್ಲ. ಅವರಲ್ಲಿ ಬಹಳಷ್ಟು ಜನ ಅಭಿಮಾನಿಗಳೇ, ಸಂಬಳವಿಲ್ಲದೆ ಮಳೆಗಾಳಿಯಲ್ಲಿ ಬಾವುಟ ಹಿಡಿದು ನಿಲ್ಲುವವರು. ಸವಾರ ಬಿದ್ದರೆ ಮೊದಲು ಓಡುವವರೂ ಅವರೇ. ಸವಾರರು ಅಪಾಯವನ್ನು ಅರಿತೇ ಬರುವ ವಯಸ್ಕರು. ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ಸುಳ್ಳೆಂದು ತಳ್ಳಿಹಾಕುವುದು ನನಗೆ ಸಾಧ್ಯವಾಗಲಿಲ್ಲ. ಹುಡುಗನಿಗೆ ಹೋಗಬೇಡವೆಂದು ಹೇಳಲಿಲ್ಲ. 'ಹುಚ್ಚು ಭಾನುವಾರ ಬೈಕನ್ನು ನಿಲ್ಲಿಸಿ ಬೇಲಿಯ ಮೇಲೆ ಕುಳಿತುಕೋ. ವೀರರ ದಾರಿಯನ್ನು ನೋಡಲು ವೀರನಾಗಬೇಕಿಲ್ಲ' ಎಂದೆ. ತಾಯಿಗೂ ಅದನ್ನೇ ತಿಳಿಸಿದೆ. ಅವರು ಪೂರ್ತಿ ಸಮಾಧಾನಗೊಂಡಂತೆ ಕಾಣಲಿಲ್ಲ.

ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಅಂದರೆ ದಿನಕ್ಕೆ ಸುಮಾರು ಇನ್ನೂರು. ಟಿಟಿಯ ಬೆಟ್ಟ ಒಂದು ಶತಮಾನಕ್ಕೂ ಮೀರಿದ ಕಾಲದಲ್ಲಿ ತೆಗೆದುಕೊಂಡಷ್ಟು ಪ್ರಾಣಗಳನ್ನು ನಮ್ಮ ಪೇಟೆಬೀದಿಗಳು ಎರಡು ದಿನದಲ್ಲಿ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಸವಾರರು ಕೋಟಿಗಟ್ಟಲೆ, ಅಲ್ಲಿ ಬೆರಳೆಣಿಕೆಯವರು. ಆದ್ದರಿಂದ ಒಬ್ಬೊಬ್ಬ ಸವಾರನ ಅಪಾಯ ಅಲ್ಲಿಯೇ ಬಹಳ ಹೆಚ್ಚು, ನಿಜ. ಆದರೆ ಅಲ್ಲಿ ಸತ್ತವರ ಒಬ್ಬೊಬ್ಬರ ಹೆಸರೂ, ಸತ್ತ ತಿರುವೂ ದಾಖಲಾಗಿದೆ. ನಮ್ಮವರದು ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು.

ಆ ಓಟದಿಂದ ಜಗತ್ತಿಗೆ ಸಂದ ಒಂದು ವರವನ್ನು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದ ವೈದ್ಯರಾಗಿದ್ದ ಎರಿಕ್ ಗಾರ್ಡನರ್, ಬಿದ್ದ ಸವಾರರ ತಲೆಗೆ ಆಗುತ್ತಿದ್ದ ಗಾಯಗಳನ್ನು ನೋಡಿ ನೋಡಿ, ದಪ್ಪ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಶಿರಸ್ತ್ರಾಣವೊಂದನ್ನು ಮಾಡಿಸಿದರು. 1914ರ ಟಿಟಿಯಲ್ಲಿ ಅದನ್ನು ಧರಿಸುವುದು ಕಡ್ಡಾಯವಾಯಿತು. ಸವಾರರು ಗೊಣಗಿದರು, ಆದರೆ ಆ ವರ್ಷವೇ ಅದು ಒಬ್ಬನ ತಲೆ ಉಳಿಸಿತು. 1935ರಲ್ಲಿ ಅರೇಬಿಯಾದ ಲಾರೆನ್ಸ್ ಎಂದು ಪ್ರಸಿದ್ಧರಾದ ಟಿ.ಇ. ಲಾರೆನ್ಸ್ ಬರಿದಲೆಯಲ್ಲಿ ಬೈಕಿನಿಂದ ಬಿದ್ದು ಸತ್ತರು. ಅವರನ್ನು ನೋಡಿಕೊಂಡ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಶಿರಸ್ತ್ರಾಣದ ಉಪಯೋಗವನ್ನು ಅಂಕಿಅಂಶಗಳಿಂದ ನಿರೂಪಿಸುವ ಲೇಖನವನ್ನು 1941ರಲ್ಲಿ ಪ್ರಕಟಿಸಿದರು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೇಳುವುದೂ ಅದನ್ನೇ.

ಟಿಟಿಯ ದಿನ ಓಟ ಮುಗಿದ ಮೇಲೆ ರಸ್ತೆಯನ್ನು ಮತ್ತೆ ಜನರಿಗೆ ತೆರೆಯುತ್ತಾರೆ. ಬಸ್ಸು, ಹಾಲಿನ ಗಾಡಿ, ಮಕ್ಕಳ ಸೈಕಲ್ಲುಗಳು ಅದೇ ತಿರುವುಗಳಲ್ಲಿ ನಿಧಾನವಾಗಿ ಹೋಗುತ್ತವೆ. ನನ್ನ ವಿದ್ಯಾರ್ಥಿಗಳು ದಿನವೂ ಹೋಗಿಬರುವ ರಸ್ತೆಗಳನ್ನು ಯಾರೂ ಯಾರಿಗಾಗಿಯೂ ಮುಚ್ಚಿ ಕೊಟ್ಟಿಲ್ಲ. ಅಲ್ಲಿ ಬಾವುಟ ಹಿಡಿದವರೂ ಇಲ್ಲ. ಹೊರಡುವ ಮುನ್ನ ಶಿರಸ್ತ್ರಾಣದ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳಿ. ಹಿಂದೆ ಕುಳಿತವರೂ ಕೂಡ.